ಆರೋಗ್ಯ ಕಾರ್ಡಿಗೂ ಗಡಿಯುಂಟು

2020ರ ಮೇ ತಿಂಗಳನ್ನು ಪುಣೆಯ ಕನ್ನಡಿಗರು ಅಷ್ಟು ಬೇಗ ಮರೆಯಲಾರರು. ಹೋಟೆಲುಗಳಿಗೆ ಬೀಗ ಬಿದ್ದಿತ್ತು, ಕಟ್ಟಡದ ಕೆಲಸ ನಿಂತಿತ್ತು. ಊರಿಗಾದರೂ ಹೋಗೋಣವೆಂದು ಗಂಟುಮೂಟೆ ಕಟ್ಟಿದವರಿಗೆ ಮೇ 18ರಂದು ಸುದ್ದಿ ಬಂತು: ಮಹಾರಾಷ್ಟ್ರ ಮತ್ತು ಇತರ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಕರ್ನಾಟಕದೊಳಗೆ ಪ್ರವೇಶವಿಲ್ಲ. ಮರುವರ್ಷ, 2021ರ ಫೆಬ್ರವರಿಯಲ್ಲಿ, ಇನ್ನೊಂದು ಆದೇಶ ಬಂತು. ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕು. ನಿಪ್ಪಾಣಿ ಸಮೀಪದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಹುಟ್ಟೂರಿಗೆ ಹೋಗಲು ಮೂಗಿನ ಪರೀಕ್ಷೆಯ ಚೀಟಿ ಹಿಡಿದು ನಿಂತ ನಮ್ಮವರಿಗೆ ಆಗ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಆರೋಗ್ಯದ ವಿಷಯದಲ್ಲಿ ರಾಜ್ಯ ಸರಕಾರವೆಂಬುದು ದಿಲ್ಲಿಗಿಂತ ಎಷ್ಟೋ ಹತ್ತಿರದ, ಎಷ್ಟೋ ಗಟ್ಟಿಯಾದ ಯಜಮಾನ.

ಅದೇ ದಿನಗಳಲ್ಲಿ ಈಚೆ ಬದಿಯಲ್ಲೂ ಒಂದು ಆದೇಶ ಹೊರಟಿತು. 2020ರ ಮೇ 21ರಂದು ಮಹಾರಾಷ್ಟ್ರ ಸರಕಾರ ಖಾಸಗಿ ಆಸ್ಪತ್ರೆಗಳ ಶೇಕಡ 80ರಷ್ಟು ಹಾಸಿಗೆಗಳನ್ನು ತನ್ನ ದರ ನಿಯಂತ್ರಣಕ್ಕೆ ತೆಗೆದುಕೊಂಡಿತು. ಸಾಮಾನ್ಯ ವಾರ್ಡಿಗೆ ದಿನಕ್ಕೆ 4,000 ರೂಪಾಯಿ, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000. ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆಸ್ಪತ್ರೆಯ ದರಕ್ಕೆ ಕಡಿವಾಣ ಹಾಕುವುದು ಸಾಧ್ಯವೇ ಇಲ್ಲವೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ವ್ಯವಸ್ಥೆಯೇ ಒಂದು ಅಧಿಸೂಚನೆಯಲ್ಲಿ ಅದನ್ನು ಮಾಡಿ ತೋರಿಸಿತು. ಎಲ್ಲ ಕಡೆಯೂ ಅದು ಸರಿಯಾಗಿ ಪಾಲನೆಯಾಯಿತೆ ಎಂಬುದು ಬೇರೆ ಮಾತು.

ಇದರ ಹಿಂದೆ ಇದ್ದ ಅಧಿಕಾರಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮುಂಬಯಿಗೆ 1896ರಲ್ಲಿ ಬಂದ ಪ್ಲೇಗು ಪುಣೆಗೂ ಹಬ್ಬಿದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ ಕಾನೂನು ಅದು. ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಇದೇ ಊರಿನ ಗಣೇಶಖಿಂಡ ರಸ್ತೆಯಲ್ಲಿ. ಆರೋಗ್ಯ ನೀತಿ ಅಂದರೆ ಔಷಧ, ಇಂಜೆಕ್ಷನ್ ಅಷ್ಟೇ ಅಲ್ಲ, ಯಾರ ಮನೆಯ ಬಾಗಿಲನ್ನು ಯಾರು ತಟ್ಟಬಹುದು ಎಂಬುದೂ ಹೌದೆಂದು ಪುಣೆಗೆ ಅಂದೇ ಗೊತ್ತಾಗಿತ್ತು.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಾಜ್ಯ ಪಟ್ಟಿಯ 6ನೆಯ ಬಾಬು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳದು. ಔಷಧಗಳ ನಿಯಂತ್ರಣ, ವೈದ್ಯ ವೃತ್ತಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಇವೆಲ್ಲ ಕೇಂದ್ರ-ರಾಜ್ಯಗಳ ಸಮವರ್ತಿ ಪಟ್ಟಿಯಲ್ಲಿ. ಆದರೆ ಆಸ್ಪತ್ರೆ ಮಾತ್ರ ರಾಜ್ಯದ್ದು. ಇದೂ ಹೊಸದಲ್ಲ. 1919ರ ಸುಧಾರಣೆಯಲ್ಲೇ ಬ್ರಿಟಿಷರು ಸಾರ್ವಜನಿಕ ಆರೋಗ್ಯವನ್ನು ಪ್ರಾಂತಗಳ ಭಾರತೀಯ ಮಂತ್ರಿಗಳಿಗೆ ಬಿಟ್ಟುಕೊಟ್ಟಿದ್ದರು. ಹಣಕಾಸು, ಪೊಲೀಸು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು! ಹೊಣೆ ಮಂತ್ರಿಯದು, ತಿಜೋರಿ ಇನ್ನೊಬ್ಬರದು.

ಹೀಗಿರುವಾಗ ಹೊರನಾಡ ಕನ್ನಡಿಗನ ಗತಿ ಏನು? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಿಂಜವಡಿಯ ಕಡೆ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಅಕ್ಕಪಕ್ಕ ಇಬ್ಬರು ಇದ್ದಾರೆ. ಒಬ್ಬ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿಯವ. ಇನ್ನೊಬ್ಬ ಅಲ್ಲಿಂದ ಕೂಗಳತೆಯ ಆಚೆ, ವಿಜಯಪುರ ಜಿಲ್ಲೆಯ ಚಡಚಣದವ. ಇಬ್ಬರ ಮನೆಮಾತೂ ಕನ್ನಡ, ರೊಟ್ಟಿಯೂ ಒಂದೇ, ಜಾತ್ರೆಯೂ ಒಂದೇ. ಇಬ್ಬರಿಗೂ ಎದೆನೋವು ಬಂತು ಎನ್ನಿ. ಉಮದಿಯವನ ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಅವನು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಪುಣೆಯ ನೋಂದಾಯಿತ ಆಸ್ಪತ್ರೆಯಲ್ಲಿ ನಗದಿಲ್ಲದೆ ಚಿಕಿತ್ಸೆ ಪಡೆಯಬಲ್ಲ. ಚಡಚಣದವನ ಕಾರ್ಡು ಕರ್ನಾಟಕದ್ದು. ಕೇಂದ್ರದ ಪಿಎಂ-ಜೆಎವೈ ಪಟ್ಟಿಯಲ್ಲಿ ಹೆಸರಿದ್ದರೆ ಅವನಿಗೂ ಇಲ್ಲಿ ದಾರಿಯುಂಟು, ಆ ಕಾರ್ಡು ರಾಜ್ಯ ದಾಟಿದರೂ ನಡೆಯುತ್ತದೆ. ಆ ಪಟ್ಟಿಯಲ್ಲಿಲ್ಲದೆ ಕೇವಲ ರಾಜ್ಯದ ಬೊಕ್ಕಸದಿಂದ ಸಿಗುವ ಸೌಲಭ್ಯವಾದರೆ ಅದು ಬಹುಮಟ್ಟಿಗೆ ತನ್ನ ರಾಜ್ಯದ ಆಸ್ಪತ್ರೆಗಳ ಬಾಗಿಲಲ್ಲೇ ನಿಂತುಬಿಡುತ್ತದೆ. ವಿಚಿತ್ರವೆಂದರೆ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಅವನ ಪಾಲಿನ ಪಡಿತರ ಧಾನ್ಯ ಪುಣೆಯಲ್ಲೂ ಸಿಗುತ್ತದೆ. ಅಕ್ಕಿ ಗಡಿ ದಾಟಿತು, ಆಪರೇಶನ್ ದಾಟಲಿಲ್ಲ.

ಹಾಗಾದರೆ ಹತ್ತಾರು ವರ್ಷಗಳಿಂದ ಇಲ್ಲೇ ನೆಲೆಸಿರುವ ನಮಗೆ? ಇಲ್ಲಿ ಒಂದು ಮುಖ್ಯ ಸಂಗತಿ ಅನೇಕರಿಗೆ ತಿಳಿದೇ ಇಲ್ಲ. ಮಹಾರಾಷ್ಟ್ರದ ಈ ಯೋಜನೆಗೆ ದೊಡ್ಡ ಚರಿತ್ರೆಯಿದೆ. 1997ರಲ್ಲಿ 'ಜೀವನದಾಯಿ' ಎಂಬ ಹೆಸರಿನಿಂದ ಶುರುವಾಯಿತು. 2012ರ ಜುಲೈಯಲ್ಲಿ ಎಂಟು ಜಿಲ್ಲೆಗಳಲ್ಲಿ 'ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ'ಯಾಗಿ ಮರುಜನ್ಮ ಪಡೆದು 2013ರ ನವೆಂಬರಿನಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. 2017ರಲ್ಲಿ ಮಹಾತ್ಮಾ ಫುಲೆಯವರ ಹೆಸರಾಯಿತು. ಪಾಸ್‌ಬುಕ್ಕಿನ ರಕ್ಷಾಕವಚದ ಬಣ್ಣ ಬದಲಾದ ಹಾಗೆ! ಬಹುಮಟ್ಟಿಗೆ ಅದು ಹಳದಿ, ಕೇಸರಿ ಕಾರ್ಡಿನವರಿಗೆ, ಬರಪೀಡಿತ ಜಿಲ್ಲೆಗಳ ರೈತರಿಗೆ ಎಂದೇ ಇತ್ತು. ವಾರ್ಷಿಕ ಆದಾಯ ಒಂದು ಲಕ್ಷ ದಾಟಿದ ಬಿಳಿ ಕಾರ್ಡಿನವರು, ಅಂದರೆ ನಮ್ಮ ಸಂಘಗಳ ಸದಸ್ಯರಲ್ಲಿ ಬಹುಪಾಲು, ಹೊರಗೆ. 2023ರ ಜುಲೈ 28ರಂದು ಒಂದು ಸರಕಾರಿ ನಿರ್ಣಯ ಹೊರಟಿತು. ರೇಷನ್ ಕಾರ್ಡಿನ ಬಣ್ಣ ನೋಡದೆ, ರಾಜ್ಯದ ನಿವಾಸಿ ಕುಟುಂಬಗಳಿಗೆಲ್ಲ ಯೋಜನೆ ಅನ್ವಯ. ರೇಷನ್ ಕಾರ್ಡ್ ಇಲ್ಲದವರು ಡೊಮಿಸಾಯಿಲ್ ಪ್ರಮಾಣಪತ್ರ ತೋರಿಸಬಹುದು. ಮೊದಲು ಒಂದೂವರೆ ಲಕ್ಷವಿದ್ದ ವಾರ್ಷಿಕ ರಕ್ಷಣೆ ಕುಟುಂಬಕ್ಕೆ ಐದು ಲಕ್ಷ. ಚಿಕಿತ್ಸೆಗಳ ಪಟ್ಟಿ 1,356ಕ್ಕೆ ಏರಿತು. ಮೂತ್ರಪಿಂಡ ಕಸಿಗೆ ಎರಡೂವರೆ ಲಕ್ಷವಿದ್ದ ಮಿತಿ ನಾಲ್ಕೂವರೆ ಲಕ್ಷವಾಯಿತು.

ಡೊಮಿಸಾಯಿಲ್‌ಗೆ ಹದಿನೈದು ವರ್ಷಗಳ ವಾಸ್ತವ್ಯದ ಪುರಾವೆ ಬೇಕು. ನಲವತ್ತು ವರ್ಷ ಇಲ್ಲಿ ದುಡಿದೂ ರೇಷನ್ ಕಾರ್ಡನ್ನು ಊರಿನಲ್ಲೇ ಇಟ್ಟಿರುವ ಬಾಂಧವರು ನಮ್ಮಲ್ಲಿ ಎಷ್ಟು ಮಂದಿ! ಊರಿನ ಮೇಲಿನ ಪ್ರೀತಿ ಸರಿ. ಆದರೆ ಆಸ್ಪತ್ರೆಯ 'ಆರೋಗ್ಯ ಮಿತ್ರ'ನ ಮೇಜಿನ ಮುಂದೆ ಆ ಕಾರ್ಡು ಯಾವ ಊರಿನದೆಂಬುದೇ ಪ್ರಶ್ನೆಯಾಗುತ್ತದೆ. ಎಪ್ಪತ್ತು ದಾಟಿದ ಹಿರಿಯರಿಗೆ 2024ರ ಅಕ್ಟೋಬರಿನಿಂದ ಕೇಂದ್ರವು ಆದಾಯ ಮಿತಿಯಿಲ್ಲದೆ ಐದು ಲಕ್ಷದ ಬೇರೆ ರಕ್ಷಣೆ ಕೊಟ್ಟಿದೆ, ಅದಕ್ಕೆ ಆಧಾರ್ ಕಾರ್ಡಿನ ವಯಸ್ಸೇ ಆಧಾರ.

ನಿರ್ಣಯ ಬೇರೆ, ಕಾಯಿದೆ ಬೇರೆ

ಮೇಲಿನ ಯೋಜನೆಯನ್ನು ಗಮನಿಸಿದವರಿಗೆ ಒಂದು ವಿಷಯ ಹೊಳೆದಿರಬಹುದು. ಇದಾವುದೂ ವಿಧಾನಸಭೆಯಲ್ಲಿ ಮಸೂದೆಯಾಗಿ ಬಂದು, ಚರ್ಚೆಯಾಗಿ, ಮತಕ್ಕೆ ಬಿದ್ದು ಆದದ್ದಲ್ಲ. ಮಂತ್ರಿಮಂಡಲ ತೀರ್ಮಾನಿಸುತ್ತದೆ, ಕಾರ್ಯದರ್ಶಿ ಸಹಿ ಹಾಕುತ್ತಾರೆ, ಜಿ.ಆರ್. ಹೊರಡುತ್ತದೆ. ಶಾಸಕರ ಪಾತ್ರ ಬಜೆಟ್ಟಿಗೆ ಒಪ್ಪಿಗೆ ಕೊಡುವುದಷ್ಟೇ. ಜಿ.ಆರ್. ಕೊಟ್ಟದ್ದನ್ನು ಇನ್ನೊಂದು ಜಿ.ಆರ್. ಕಿತ್ತುಕೊಳ್ಳಬಹುದು. ಇದಕ್ಕೆ ಕರ್ನಾಟಕದ ಯಶಸ್ವಿನಿಯೇ ಸಾಕ್ಷಿ. ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಸಲಹೆಯೊಂದಿಗೆ, ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯೋಜನೆ. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರುವತ್ತು ರೂಪಾಯಿ ಕಂತಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ! ದೇಶವೆಲ್ಲ ಅದನ್ನು ನೋಡಲು ಬಂದಿತು. 2018ರಲ್ಲಿ 'ಆರೋಗ್ಯ ಕರ್ನಾಟಕ' ಬಂದಾಗ ಅದನ್ನು ನಿಲ್ಲಿಸಲಾಯಿತು. ರೈತರು, ಸಹಕಾರಿ ಧುರೀಣರು ಕೇಳುತ್ತಲೇ ಇದ್ದರು. 2022ರಲ್ಲಿ ಬಸವರಾಜ ಬೊಮ್ಮಾಯಿಯವರ ಸರಕಾರ ಮತ್ತೆ ತಂದಿತು. ನಡುವಿನ ನಾಲ್ಕು ವರ್ಷ ಕಂತು ಕಟ್ಟಿ ಅಭ್ಯಾಸವಾದವನಿಗೆ ಖಾತೆಯೇ ಇರಲಿಲ್ಲ.

ಜಿ.ಆರ್.ಗೆ ಇನ್ನೊಂದು ಶಕ್ತಿಯೂ ಇದೆ. ಅದು ಬೇಕೆಂದರೆ ರಾಜ್ಯದ ಗಡಿಯನ್ನೂ ದಾಟಬಲ್ಲದು. ರಾಜ್ಯದ ಕಾಯಿದೆ ತನ್ನ ಗಡಿಯೊಳಗೆ ಮಾತ್ರ ನಡೆಯುತ್ತದೆ, ಆದರೆ ಹಣ ಕೊಡುತ್ತೇನೆಂಬ ಮಾತಿಗೆ ಗಡಿಯಿಲ್ಲ. 2023ರ ಆರಂಭದಲ್ಲಿ ಮಹಾರಾಷ್ಟ್ರ ಸರಕಾರ ಫುಲೆ ಯೋಜನೆಯನ್ನು ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಹಳ್ಳಿ-ಪಟ್ಟಣಗಳಿಗೂ ವಿಸ್ತರಿಸಿ 54 ಕೋಟಿ ರೂಪಾಯಿ ತೆಗೆದಿಟ್ಟಿತು. ಬೆಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಗಡಿವಿವಾದ ಸುಪ್ರೀಂ ಕೋರ್ಟಿನಲ್ಲಿರುವಾಗ ಇದು ಸರಿಯೆ ಎಂದು ಬೊಮ್ಮಾಯಿಯವರು ಆಕ್ಷೇಪಿಸಿದರು, ಕನ್ನಡ ಸಂಘಟನೆಗಳು ಬೀದಿಗಿಳಿದವು. 2024ರ ಜನವರಿಯಲ್ಲಿ ಮತ್ತೆ ಅದೇ ವಿಷಯಕ್ಕೆ ಬೆಳಗಾವಿ ಬಿಸಿಯಾಯಿತು.

ಪುಣೆಯಲ್ಲಿ ಕುಳಿತು ಇದನ್ನು ಓದುವಾಗ ನನಗೆ ನೆನಪಾಗುವುದು ಮಿರಜ. ಅಮೆರಿಕನ್ ಮಿಷನ್ನಿನ ವೈದ್ಯ ಡಾ. ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ 'ಮಿರಜಿಗೆ ಒಯ್ರಿ' ಎಂಬ ಮಾತೇ ರೂಢಿಯಾಯಿತು. ಕಲಬುರಗಿ, ಇಂಡಿಯ ಕಡೆಯವರಿಗೆ ಸೊಲ್ಲಾಪುರ. ಈ ಓಡಾಟಕ್ಕೆ ಯಾರೂ ಜಿ.ಆರ್. ಹೊರಡಿಸಿರಲಿಲ್ಲ. 865 ಹಳ್ಳಿಗಳ ಆದೇಶದಲ್ಲಿ ರೋಗಿಯ ಚಿಂತೆಗಿಂತ ಗಡಿಯ ಚಿಂತೆಯೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ರೋಗಿಯ ಚಿಂತೆಯೇ ಆಗಿದ್ದರೆ ಎರಡೂ ಸರಕಾರಗಳು ಕೂತು, ಜತ್ತ-ಅಕ್ಕಲಕೋಟೆಯವರು ವಿಜಯಪುರ-ಕಲಬುರಗಿಯಲ್ಲೂ, ಅಥಣಿ-ಚಡಚಣದವರು ಮಿರಜ-ಸೊಲ್ಲಾಪುರ-ಪುಣೆಯಲ್ಲೂ ಕಾರ್ಡು ತೋರಿಸುವಂತೆ ಒಪ್ಪಂದ ಮಾಡಿಕೊಳ್ಳುವುದು ಏನು ಕಷ್ಟ? ಬ್ಯಾಂಕುಗಳು ದಿನವೂ ಪರಸ್ಪರರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ನಮ್ಮ ಕಾರ್ಡು ಹಾಕಿದರೆ ಹಣ ಬರುತ್ತದೆ.

ಹತ್ತು ಹಾಸಿಗೆಯಲ್ಲಿ ಒಂದು

ಈಗ ಕಾಯಿದೆಯ ಕಡೆ ಬರೋಣ. ಪುಣೆಯಲ್ಲಿ ಹೆಸರು ಮಾಡಿದ ಹಲವು ದೊಡ್ಡ ಆಸ್ಪತ್ರೆಗಳು ಕಂಪೆನಿಗಳಲ್ಲ, ಸಾರ್ವಜನಿಕ ದತ್ತಿ ಸಂಸ್ಥೆಗಳು. ಟ್ರಸ್ಟ್ ಎಂದು ನೋಂದಾಯಿಸಿ ಸರಕಾರದಿಂದ ರಿಯಾಯಿತಿಗಳನ್ನು ಪಡೆದವು. 1985ರಲ್ಲಿ ಮಹಾರಾಷ್ಟ್ರದ ಶಾಸಕಾಂಗವು 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಗೆ 41-ಎಎ ಎಂಬ ಕಲಮನ್ನು ಸೇರಿಸಿತು. ಇಂಥ ಆಸ್ಪತ್ರೆಗಳು ಶೇಕಡ 10 ಹಾಸಿಗೆಗಳನ್ನು ನಿರ್ಗತಿಕ ರೋಗಿಗಳಿಗೆ ಸಂಪೂರ್ಣ ಉಚಿತವಾಗಿ, ಇನ್ನು ಶೇಕಡ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು. ಚೆನ್ನಾದ ಕಾನೂನು. ಆದರೆ ಅದು ಪುಸ್ತಕದಲ್ಲೇ ಮಲಗಿತು. ಮುಂಬಯಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿದ್ದು, ಕೋರ್ಟು ಒಂದು ಪದ್ಧತಿ ರೂಪಿಸಿ ಜಾರಿಗೆ ತಂದದ್ದು 2006ರಲ್ಲಿ. ಶಾಸಕರು ಕೈ ಎತ್ತಿ ಇಪ್ಪತ್ತೊಂದು ವರ್ಷಗಳಾಗಿದ್ದವು!

ಆ ಪದ್ಧತಿಯ ಅಂಶಗಳನ್ನು ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು. ಎಲ್ಲ ರೋಗಿಗಳ ಬಿಲ್ಲಿನ ಒಟ್ಟು ಮೊತ್ತದ ಶೇಕಡ 2ನ್ನು ಆಸ್ಪತ್ರೆ 'ನಿರ್ಗತಿಕ ರೋಗಿ ನಿಧಿ'ಗೆ ಜಮಾ ಮಾಡಬೇಕು. ಬಡ ರೋಗಿಗಳ ವೆಚ್ಚ ಅದರಿಂದ. ತುರ್ತು ಸ್ಥಿತಿಯಲ್ಲಿ ಬಂದವರನ್ನು ತಕ್ಷಣ ದಾಖಲಿಸಿಕೊಂಡು ಪ್ರಾಣ ಉಳಿಸುವ ಚಿಕಿತ್ಸೆ ಕೊಡಬೇಕು, ಠೇವಣಿ ಕೇಳಕೂಡದು. ಮೇಲ್ವಿಚಾರಣೆ ಧರ್ಮಾದಾಯ ಆಯುಕ್ತರದು.

2025ರ ಏಪ್ರಿಲಿನಲ್ಲಿ ಇದೇ ಪುಣೆಯಲ್ಲಿ ಗರ್ಭಿಣಿಯೊಬ್ಬರ ಸಾವಿನ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತು. ದೊಡ್ಡ ದತ್ತಿ ಆಸ್ಪತ್ರೆಯೊಂದು ದಾಖಲಿಸಿಕೊಳ್ಳುವ ಮೊದಲು ಲಕ್ಷಗಟ್ಟಲೆ ಠೇವಣಿ ಕೇಳಿತೆಂಬ ಆರೋಪ ಬಂತು, ಸರಕಾರ ತನಿಖಾ ಸಮಿತಿ ನೇಮಿಸಿತು, ಪತ್ರಿಕೆಗಳು 41-ಎಎ ಎಂಬ ಕಲಮನ್ನು ಮುಖಪುಟದಲ್ಲಿ ವಿವರಿಸಿದವು. ಆ ವಿವರಣೆ ಓದಿದ ಎಷ್ಟೋ ಮಂದಿ ಸುಶಿಕ್ಷಿತರೂ ಇಂಥದೊಂದು ಹಕ್ಕು ಇದೆಯೆಂದು ಮೊದಲ ಬಾರಿಗೆ ಕೇಳಿದರು. ಅವಸರದಲ್ಲಿ ಎಫ್‌ಡಿ ಮುರಿಸಲು ಬ್ಯಾಂಕಿಗೆ ಬರುವವರನ್ನು ನಾನು ವರ್ಷಗಳಿಂದ ನೋಡಿದ್ದೇನೆ. ಮಗಳ ಮದುವೆಗೆಂದು ಮುರಿಸುವವರು ಬಡ್ಡಿ ಎಷ್ಟು ಕಡಿತವಾಗುತ್ತದೆಂದು ಕೇಳುತ್ತಾರೆ. ಆಸ್ಪತ್ರೆಗೆಂದು ಬಂದವರು ಕೇಳುವುದಿಲ್ಲ, ಗಡಿಯಾರ ನೋಡುತ್ತಾರೆ.

ಆದಾಯದ ಮಿತಿಯ ಲೆಕ್ಕವನ್ನೂ ನೋಡಿ. 2006ರಲ್ಲಿ ಉಚಿತ ಹಾಸಿಗೆಗೆ ವಾರ್ಷಿಕ 25,000 ರೂಪಾಯಿ, ರಿಯಾಯಿತಿ ಹಾಸಿಗೆಗೆ 50,000. ಮುಂದೆ ಹಂತಹಂತವಾಗಿ ಏರಿ 1,80,000 ಮತ್ತು 3,60,000 ಆಯಿತು. ತಿಂಗಳಿಗೆ 15,000 ಸಂಬಳದ ಹೋಟೆಲ್ ಮಾಣಿ ಉಚಿತದ ಅಂಚಿನಲ್ಲಿ ನಿಲ್ಲುತ್ತಾನೆ. ಸಂಬಳ 500 ರೂಪಾಯಿ ಹೆಚ್ಚಾದರೆ ರಿಯಾಯಿತಿಯ ಸಾಲಿಗೆ ಹೋಗುತ್ತಾನೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು, ಅದು ಕಾಯಿಲೆ ಬಿದ್ದ ದಿನ ಸಿಗುವಂಥದ್ದಲ್ಲ.

ಬೆಳಗಾವಿಯ ಆ ನವೆಂಬರ್

ಶಾಸಕರು ಕಾಯಿದೆ ಮಾಡಹೊರಟಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ 2017ರಲ್ಲಿ ಕಂಡಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ ಹಲ್ಲು ಕೊಡಬೇಕೆಂದು ನಿವೃತ್ತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ವರದಿ ಕೊಟ್ಟಿತ್ತು. ಆಗಿನ ಆರೋಗ್ಯ ಮಂತ್ರಿ ಕೆ. ಆರ್. ರಮೇಶ್ ಕುಮಾರ್ ಅದಕ್ಕಿಂತಲೂ ಬಿಗಿಯಾದ ಮಸೂದೆ ತಂದರು: ಚಿಕಿತ್ಸೆಗೆ ಸರಕಾರವೇ ದರ ಗೊತ್ತುಮಾಡುವುದು, ಮೀರಿದರೆ ಜೈಲು, ಜಿಲ್ಲೆಗೊಂದು ದೂರು ಸಮಿತಿ. ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಗಿಬಂತು. ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನದ ಹೊತ್ತಿಗೆ ಸಾವಿರಾರು ವೈದ್ಯರು ಅಲ್ಲಿ ಸೇರಿದರು, ರಾಜ್ಯವೆಲ್ಲ ಖಾಸಗಿ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತರೆಂಬ ವರದಿಗಳು ಬಂದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವೈದ್ಯರ ಸಂಘಗಳೊಡನೆ ಮಾತುಕತೆ ನಡೆಸಿದರು. ಕೊನೆಗೆ ಅಂಗೀಕಾರವಾದದ್ದು ಮೆತ್ತಗಾದ ಮಸೂದೆ. ದರ ನಿಗದಿ ಸರಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು, ಜೈಲಿನ ಮಾತು ಬಹುಪಾಲು ಹೋಯಿತು.

ವೈದ್ಯರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸಣ್ಣ ಊರಿನಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರನ್ನೂ ಮಹಾನಗರದ ಕಾರ್ಪೊರೇಟ್ ಆಸ್ಪತ್ರೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಮೊದಲು ಬೀಳುವವನು ಸಣ್ಣವನೇ. ಆದರೂ ಒಂದೆರಡು ಒಳ್ಳೆಯ ಅಂಶಗಳು ಉಳಿದವು. ಬಿಲ್ಲು ಕಟ್ಟುವ ತನಕ ಶವ ಕೊಡುವುದಿಲ್ಲ ಎನ್ನುವಂತಿಲ್ಲ. ದರಪಟ್ಟಿ ತೂಗುಹಾಕಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೆ ಸಮವಾದ ಕಾನೂನು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯಿದೆ. ಅದರ ನಿಯಮಗಳಿಗೆ 2021ರ ಜನವರಿಯಲ್ಲಿ ತಿದ್ದುಪಡಿಯಾಗಿ ರೋಗಿಗಳ ಹಕ್ಕುಗಳ ಸನ್ನದು, ದರಪಟ್ಟಿ ಪ್ರದರ್ಶನ ಕಡ್ಡಾಯವಾಯಿತು. ಕೇಂದ್ರ 2010ರಲ್ಲಿ ಮಾಡಿದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯಿದೆಯನ್ನು ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ತನ್ನದಾಗಿಸಿಕೊಳ್ಳಲಿಲ್ಲ. ಆಸ್ಪತ್ರೆ ರಾಜ್ಯದ ವಿಷಯವಾದ್ದರಿಂದ ವಿಧಾನಮಂಡಲ ಒಪ್ಪದೆ ಅದು ಇಲ್ಲಿ ನಡೆಯದು.

ರಾಜ್ಯವೇ ಮೊದಲು ನಡೆದು ಕೇಂದ್ರಕ್ಕೆ ದಾರಿ ತೋರಿದ್ದೂ ಉಂಟು. ಗರ್ಭದಲ್ಲೇ ಹೆಣ್ಣು-ಗಂಡು ಪತ್ತೆ ಹಚ್ಚುವುದನ್ನು ನಿಷೇಧಿಸಿ ದೇಶದಲ್ಲೇ ಮೊದಲ ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಸಂಸತ್ತಿನ ಕಾನೂನು ಬಂದದ್ದು 1994ರಲ್ಲಿ. ಗುಟ್ಕಾ ವಿಷಯದಲ್ಲೂ ಹಾಗೆಯೇ, ಮಹಾರಾಷ್ಟ್ರ 2012ರ ಜುಲೈಯಲ್ಲಿ ನಿಷೇಧಿಸಿತು, ಕರ್ನಾಟಕ 2013ರ ಮೇ ಕೊನೆಗೆ. ನಡುವಿನ ಹತ್ತು ತಿಂಗಳು ಕಾಗಲದಲ್ಲಿ ಅಪರಾಧವಾದದ್ದು ನಿಪ್ಪಾಣಿಯಲ್ಲಿ ವ್ಯಾಪಾರ!

ಪುಣೆ ಜಿಲ್ಲೆಯಿಂದ 21 ಮಂದಿ ಶಾಸಕರು 288 ಸದಸ್ಯರ ವಿಧಾನಸಭೆಗೆ ಹೋಗುತ್ತಾರೆ. ನಮ್ಮ ಸಂಘಗಳ ರಾಜ್ಯೋತ್ಸವ, ದಸರಾ, ವಾರ್ಷಿಕೋತ್ಸವಗಳಿಗೆ ಅವರಲ್ಲಿ ಕೆಲವರು ತಪ್ಪದೆ ಬರುತ್ತಾರೆ. ಶಾಲು ಹೊದಿಸುತ್ತೇವೆ, ಪುಣೇರಿ ಪಗಡಿ ತೊಡಿಸುತ್ತೇವೆ, ಕನ್ನಡ ಶಾಲೆಯ ಅನುದಾನಕ್ಕೆ ಮನವಿ ಕೊಡುತ್ತೇವೆ. ಯಾರಿಗಾದರೂ ಕಾಯಿಲೆಯಾದರೆ ಶಿಫಾರಸು ಪತ್ರಕ್ಕಾಗಿ ಅವರ ಕಚೇರಿಗೆ ಹೋಗುತ್ತೇವೆ. ಪತ್ರದಿಂದ ಒಬ್ಬನಿಗೆ ಹಾಸಿಗೆ ಸಿಗಬಹುದು. ಅದೇ ಶಾಸಕರು ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಬಹುದು: ಪುಣೆಯ ದತ್ತಿ ಆಸ್ಪತ್ರೆಗಳಲ್ಲಿ ಮೀಸಲು ಹಾಸಿಗೆಗಳೆಷ್ಟು, ಕಳೆದ ವರ್ಷ ಅವುಗಳಲ್ಲಿ ಎಷ್ಟು ರೋಗಿಗಳು ಮಲಗಿದ್ದರು, ಶೇಕಡ 2ರ ನಿಧಿಯಲ್ಲಿ ಎಷ್ಟು ಹಣ ಖರ್ಚಾಗದೆ ಉಳಿದಿದೆ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಬಜೆಟ್ ಅಧಿವೇಶನ ಮಾರ್ಚಿನ ಹೊತ್ತಿಗೆ ಮುಂಬಯಿಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ಸಂಘದ ಲೆಟರ್‌ಹೆಡ್ಡಿನಲ್ಲಿ, ಮರಾಠಿಯಲ್ಲಿ ಬರೆದ ಮನವಿ ಅದಕ್ಕೆ ತಿಂಗಳೊಂದೆರಡು ಮೊದಲು ಶಾಸಕರ ಕೈ ಸೇರಬೇಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಹಾಲ್ ಬಾಡಿಗೆ ಮತ್ತು ಊಟದ ಖರ್ಚಿನ ನಡುವೆ ಇದಕ್ಕೂ ಒಂದು ಸಾಲು ಸಿಕ್ಕೀತು.